ಎಡಗೈಯ ಬೆರಳುಗಳು ಮತ್ತು ಮೀನೆಣ್ಣೆ

ನನ್ನ ಹೆಂಡತಿ ತೀರಿಕೊಳ್ಳುವುದಕ್ಕೆ ಕೆಲವು ವರ್ಷ ಮೊದಲು ಅವಳ ಬೆರಳ ಗೆಣ್ಣುಗಳು ಊದಿಕೊಂಡವು. ಬಲಗೈ ಹೇಗೋ ನಡೆಯುತ್ತಿತ್ತು. ಎಡಗೈ ಮಾತ್ರ ಬೆಳಗಿನ ಹೊತ್ತು ಪೂರ್ತಿ ತೆರೆಯುತ್ತಿರಲಿಲ್ಲ. ನಾವು ಲಿಂಗಾಯತರು, ಪೂಜೆಯ ಹೊತ್ತಿಗೆ ಲಿಂಗವನ್ನು ಎಡ ಅಂಗೈಯಲ್ಲೇ ಇಟ್ಟುಕೊಳ್ಳಬೇಕು. ಜಾರಿ ಬಿದ್ದೀತೆಂದು ಅವಳು ಆ ಕೈಗೆ ಸೆರಗು ಸುತ್ತಿಕೊಂಡು ಕೂಡುತ್ತಿದ್ದಳು. ರೊಟ್ಟಿ ಬಡಿಯುವುದನ್ನು ನಾನು ಕಲಿತೆ. ಪೂಜೆಯನ್ನು ಅವಳ ಬದಲಿಗೆ ನಾನು ಮಾಡುವಂತಿರಲಿಲ್ಲ.

ಕೊಪ್ಪಳದ ಡಾಕ್ಟರು ಸಂಧಿವಾತ ಎಂದರು. ರೋಗ ಬರದಂತೆ ಕಾಯುವ ರಕ್ತದ ಬಿಳಿ ಕಣಗಳು ಇವಳಲ್ಲಿ ಸ್ವಂತ ಕೀಲುಗಳನ್ನೇ ಶತ್ರುವೆಂದು ತಿಳಿದು ಉರಿಯೂತ ಎಬ್ಬಿಸಿವೆಯಂತೆ. ಗುಳಿಗೆ ಬರೆದರು, ಜೊತೆಗೆ ಮೀನೆಣ್ಣೆಯ ಕ್ಯಾಪ್ಸೂಲ್. ಆ ಎಣ್ಣೆಯ ಕೊಬ್ಬು ಈ ಬಿಳಿ ಕಣಗಳ ಹೊರಪೊರೆಗೆ ನಿಧಾನವಾಗಿ ಸೇರಿಕೊಳ್ಳುತ್ತದೆ, ಆಮೇಲೆ ಅವು ಊತ ತರುವ ರಸಗಳನ್ನು ಕಡಿಮೆ ಬಿಡುತ್ತವೆ, ತಿಂಗಳುಗಟ್ಟಲೆ ಬೇಕು, ಎಲ್ಲರಿಗೂ ಗುಣ ಕಾಣುತ್ತದೆ ಎನ್ನಲಾಗದು ಎಂದರು.

ದಿನಾ ರೊಟ್ಟಿಗೆ ಅಗಸೆ ಹಿಂಡಿ ಹಚ್ಚಿಕೊಂಡು ತಿನ್ನುತ್ತೇನೆ, ಸಾಲದೇ ಎಂದು ಹೆಂಡತಿ ಕೇಳಿದಳು. ಅಗಸೆಯಲ್ಲೂ ಅದೇ ಬಗೆಯ ಕೊಬ್ಬಿದೆ, ಆದರೆ ದೇಹ ಅದನ್ನು ಮೀನಿನಲ್ಲಿರುವಂಥದ್ದಾಗಿ ಮಾಡಿಕೊಳ್ಳುವುದು ಸ್ವಲ್ಪವೇ ಎಂದರು.

ಊರಿಗೆ ಮರಳಲು ಯಲಬುರ್ಗಾ ಬಸ್ಸು ಹತ್ತಿದೆವು. ಕುಕನೂರು ದಾಟಿದ ಮೇಲೆ ಹೇಳಿದಳು: "ಲಿಂಗಾ ಹಿಡಿಯಾಕ ಮೀನ ನುಂಗಬೇಕಂತ. ನುಂಗ್ತೀನಿ ಬಿಡ್ರಿ. ಹಿಡೀಲಾರದ ಇರೂದಕ್ಕಿಂತ ಅದ ಛಲೋ."

ಡಬ್ಬಿ ಅಡುಗೆಮನೆಗೆ ಬರಲಿಲ್ಲ. ಬಚ್ಚಲ ಗೋಡೆಯ ಗೂಡಿನಲ್ಲಿ ಉಳಿಯಿತು. ಸಂಜೆ ಊಟವಾದ ಮೇಲೆ ಹಿತ್ತಲಿನಲ್ಲಿ ನಿಂತು ನುಂಗುತ್ತಿದ್ದಳು, ಬೆಳಿಗ್ಗೆ ಮಿಂದು ಪೂಜೆಗೆ ಕೂಡುತ್ತಿದ್ದಳು. ಮೀನಿನ ತೇಗು ಬರುತ್ತಿತ್ತು. ಓಣಿಯ ಬೆಕ್ಕು ಅವಳ ಬೆನ್ನು ಹತ್ತಿತು.

"ಬೆಕ್ಕಿಗೆ ತಿಳೀತು," ಎಂದಳು. "ಇನ್ನ ನಿಮ್ಮ ಅಕ್ಕಾರಿಗೆ ತಿಳಿಯೂದೊಂದ ಉಳದೈತಿ ನೋಡ್ರಿ."

ಕ್ರಮೇಣ ಊತ ಇಳಿಯಿತು. ಗುಳಿಗೆಯಿಂದಲೋ ಎಣ್ಣೆಯಿಂದಲೋ ಎಂದು ಕೇಳಿದೆ. ಬೇರೆ ಮಾಡಿ ಹೇಳಲಾಗದು ಎಂದರು ಡಾಕ್ಟರು. ಅವಳಿಗೆ ಆ ಪ್ರಶ್ನೆ ಇರಲಿಲ್ಲ. ಸೆರಗು ಸುತ್ತಿಕೊಳ್ಳುವುದನ್ನು ಬಿಟ್ಟಳು.

ಹೋದ ವರ್ಷ ಒಂದು ದಿನ ಬೆಳಿಗ್ಗೆ ಎದೆನೋವು ಬಂತು, ಮಧ್ಯಾಹ್ನದೊಳಗೆ ಹೋದಳು. ನಮ್ಮಲ್ಲಿ ಸತ್ತವರನ್ನು ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಬೆರಳಿನ ಕಷ್ಟ ಕಂಡಿದ್ದ ನನ್ನ ಅಕ್ಕ, ಕೈ ಕಟ್ಟಲು ಬೇಕಾದೀತೆಂದು ಬಟ್ಟೆ ಹರಿದು ತಂದಿದ್ದಳು. ಬೇಕಾಗಲಿಲ್ಲ. ಅಂಗೈ ತೆರೆಯಿತು, ಲಿಂಗ ಕೂತಿತು.

"ಒಂದ ದಿನಾನೂ ಪೂಜಿ ಬಿಡಲಿಲ್ಲಲ್ಲ, ಅದರ ಪುಣ್ಯಾಪಾ," ಎಂದಳು ಅಕ್ಕ.

ನಾನು ಹೌದೆಂದೆ.