ಅಡುಗೆಮನೆ ಇಲ್ಲದ ಕೋಟೆ

ಹಳೆಯ ಊರಗೋಡೆಯ ದಕ್ಷಿಣ ಬಾಗಿಲಿನಿಂದ ಗುಡ್ಡದ ತುದಿಯ ಕೋಟೆಯವರೆಗೆ ಎರಡು ಬ್ಯಾಟರಿ ಗಾಡಿಗಳು ಓಡುತ್ತವೆ, ಒಂದು ಹಸಿರು, ಒಂದು ಹಳದಿ. ಒಂದು ಹತ್ತುವಾಗ ಇನ್ನೊಂದು ಇಳಿಯುತ್ತದೆ. ನಡುವಿನ ಅಗಲವಾದ ತಿರುವಿನಲ್ಲಿ ಎದುರಾದಾಗ ಚಾಲಕರಿಬ್ಬರೂ ಹುಬ್ಬು ಹಾರಿಸಿ ಮುಂದೆ ಹೋಗುತ್ತಾರೆ. ಹಸಿರು ಗಾಡಿಯ ಚಾಲಕನಿಗೆ ನಮ್ಮ ಬೀದಿಯಲ್ಲಿ ದೊರೆ ಎಂದೇ ಹೆಸರು. ಕೋಟೆಯ ಮಾತು ಬಂದರೆ ಸಾಕು, ಅದು ತನ್ನ ತಾತ ಬಿಟ್ಟುಹೋದ ಮನೆಯೇನೋ ಎಂಬಂತೆ ಶುರು ಮಾಡುತ್ತಾನೆ.

"ರಾಣಿ ಮಂಚ ಇದೆಯಲ್ಲ, ಈ ನಿಮ್ಮ ಬೆಂಚಿಗಿಂತ ಚಿಕ್ಕದು. ಕಾಲು ಚಾಚೋಕಾಗಲ್ಲ" ಎಂದು ಕ್ಷೌರದಂಗಡಿಯಲ್ಲಿ ಕೂತು ಹೇಳುತ್ತಾನೆ. ಗೋಪುರದ ಸುರುಳಿ ಮೆಟ್ಟಿಲಲ್ಲಿ ಎಲ್ಲಿ ತಲೆ ತಗ್ಗಿಸಬೇಕು, ತುದಿಯ ಯಾವ ಕಿಂಡಿಯಿಂದ ನದಿ ಕಾಣುತ್ತದೆ, ಯಾವ ಕಿಂಡಿಯ ಬಳಿ ಗಾಳಿಗೆ ಟೋಪಿ ಹಾರಿಹೋಗುತ್ತದೆ, ಎಲ್ಲವೂ ಅವನಿಗೆ ಅಂಗೈಯ ಗೆರೆಯಷ್ಟು ಪರಿಚಿತ.

ಅವನು ಕೋಟೆಯ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಅದಕ್ಕೆ ಕಾರಣ ಸರಳವಾದದ್ದು. ಚಾಲಕ ಗಾಡಿ ಬಿಟ್ಟು ಕದಲಬಾರದು ಎಂಬುದು ನಿಯಮ. ಸೋಮವಾರ ಅವನಿಗೆ ರಜೆ. ಆದರೆ ಕೋಟೆಯ ಬಾಗಿಲು ಹಾಕಿರುತ್ತದೆಂದೇ ಅವನಿಗೆ ಸೋಮವಾರ ರಜೆ. ಮೊದಮೊದಲು 'ಯಾವತ್ತಾದರೂ ನೋಡಿದರಾಯಿತು' ಎಂದುಕೊಂಡ. ಆಮೇಲೆ ನೋಡದೆಯೇ ಎಲ್ಲ ತಿಳಿದುಹೋಯಿತು. ಗುಡ್ಡ ಹತ್ತುವ ಪ್ರವಾಸಿಗರು ಫೋಟೊ ತೆಗೆಯುತ್ತಾ ಸುಮ್ಮನೆ ಕೂತಿರುತ್ತಾರೆ, ಇಳಿಯುವವರು ಮಾತಾಡುತ್ತಾರೆ. ದಿನವಿಡೀ ಅವನ ಬೆನ್ನ ಹಿಂದೆ ಕೋಟೆಯ ವರ್ಣನೆ ನಡೆಯುತ್ತಲೇ ಇರುತ್ತಿತ್ತು. ಒಬ್ಬರ ಮಾತನ್ನು ಅವನು ನಂಬುತ್ತಿರಲಿಲ್ಲ. ಬೇರೆ ಬೇರೆ ದಿನ ಬಂದ ಅಪರಿಚಿತರು ಅದನ್ನೇ ಹೇಳಿದರೆ ಮಾತ್ರ ಮನೆಗೆ ಒಯ್ಯುತ್ತಿದ್ದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ್ದೂ ಇದನ್ನೇ.

ಆದರೆ ವಿಧಾನದಲ್ಲಿ ಒಂದು ದೋಷವಿತ್ತು. ದಣಿದು ಗಾಡಿ ಹತ್ತಿದವರು ಕೊನೆಗೆ ನೋಡಿದ್ದನ್ನು ಮೊದಲು ಹೇಳುತ್ತಾರೆ. ಮೊದಲು ಗೋಪುರ, ಆಮೇಲೆ ರಾಣಿಯ ಕೋಣೆ, ಆಮೇಲೆ ರಾಜನ ಹಜಾರ. ಮಾತು ಹಜಾರ ಮುಟ್ಟುವ ಹೊತ್ತಿಗೆ ಗಾಡಿ ಊರಬಾಗಿಲು ಮುಟ್ಟಿರುತ್ತದೆ. ಎಲ್ಲರೂ ಇಳಿದು ಹೋಗುತ್ತಾರೆ. ಕೋಟೆಯಲ್ಲಿ ಜನ ಮೊಟ್ಟಮೊದಲು ನೋಡುವುದು ಏನನ್ನು ಎಂಬುದು ದೊರೆಯ ಕಿವಿಗೆ ಬಿದ್ದೇ ಇರಲಿಲ್ಲ.

ಮದುವೆಗೆ ಮುಂಚೆ ಅವನ ಅತ್ತೆ ಈ ಸಂಬಂಧಕ್ಕೆ ಒಪ್ಪಿರಲಿಲ್ಲ. "ದಿನವಿಡೀ ಹತ್ತೋದು, ಇಳಿಯೋದು. ಎಲ್ಲಿಗೆ ತಲುಪ್ತಾನೆ ಅವನು?" ಎಂದು ಕೇಳಿದ್ದರು. "ಅವರಿಗೆ ಕೋಟೆಯ ಒಂದೊಂದು ಕಲ್ಲೂ ಗೊತ್ತು ಕಣಮ್ಮ, ಸುಮ್ನೆ ಗಾಡಿ ಓಡಿಸೋರಲ್ಲ" ಎಂದು ಮಗಳು ಹಟ ಹಿಡಿದು ಗೆದ್ದಿದ್ದಳು. ಹೀಗಾಗಿ ಅತ್ತೆಯ ಮನೆಯಲ್ಲಿ ದೊರೆಯ ಮರ್ಯಾದೆ ನಿಂತಿದ್ದು ಆ ಕಲ್ಲುಗಳ ಮೇಲೆಯೇ.

ಅತ್ತೆ ಇನ್ನೊಂದು ಊರಿನ ಹಾಸ್ಟೆಲಿನಲ್ಲಿ ಅಡುಗೆಯ ಮೇಲ್ವಿಚಾರಣೆ ಮಾಡಿ ನಿವೃತ್ತರಾದವರು. ಮಗಳ ಮನೆಗೆ ಬಂದಾಗಲೆಲ್ಲ ಅವರದು ಒಂದೇ ಪ್ರಶ್ನೆ.

"ಎಲ್ಲ ಹೇಳಿದ್ರಿ ಅಳಿಯಂದಿರೇ. ಅಡುಗೆಮನೆ ಎಲ್ಲಿದೆ?"

"ಅಲ್ಲಿ ಅಡುಗೆಮನೆ ಇಲ್ಲ ಅತ್ತೆ."

"ಅಷ್ಟು ದೊಡ್ಡ ಕೋಟೇಲಿ ಒಂದು ಒಲೆ ಇಲ್ವಾ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ನಿಮ್ಮ ರಾಜನ ಕಥೆ ಹಾಗಾಯ್ತು."

"ಊರಿಂದ ತರಿಸ್ಕೊಳ್ತಿದ್ರು ಅತ್ತೆ, ಬಿಸಿಬಿಸಿಯಾಗಿ."

"ಆ ಗುಡ್ಡ ಹತ್ತೋದ್ರೊಳಗೆ ಬಿಸಿ ಎಲ್ಲಿ ಉಳಿಯತ್ತೆ? ಆಗ ನೀವಿನ್ನೂ ಹುಟ್ಟಿರಲಿಲ್ಲ, ನಿಮ್ಮ ಗಾಡಿಯೂ ಇರಲಿಲ್ಲ."

ಈ ಪ್ರಶ್ನೆ ಬಂದಾಗ ದೊರೆಗೆ ಸಾಮಾನ್ಯವಾಗಿ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು.

ಕಳೆದ ಸಲ ಅತ್ತೆ ಬಂದಿದ್ದಾಗ, ಅವರು ಹೊರಡುವ ಹಿಂದಿನ ದಿನ, ಹಸಿರು ಗಾಡಿಯ ಚಾರ್ಜರ್ ಸುಟ್ಟುಹೋಯಿತು. ಮೆಕ್ಯಾನಿಕ್ ಸಂಜೆ ಬರುತ್ತಾನೆಂದೂ ಅಲ್ಲಿಯವರೆಗೆ ಮನೆಗೆ ಹೋಗಬಹುದೆಂದೂ ಮೇಲ್ವಿಚಾರಕರು ಹೇಳಿದರು. ಬುಧವಾರ ಬೆಳಿಗ್ಗೆ ಮನೆಯಲ್ಲಿ ಕಾಣಿಸಿಕೊಂಡ ಗಂಡನನ್ನು ನೋಡಿ ಹೆಂಡತಿಗೆ ಸಂಭ್ರಮವೋ ಸಂಭ್ರಮ.

"ರೀ, ಒಳ್ಳೇದೇ ಆಯ್ತು. ಅಮ್ಮನಿಗೆ ಇವತ್ತೇ ಕೋಟೆ ತೋರಿಸ್ಬಿಡಿ, ನೀವೇ ಮುಂದೆ ನಿಂತು."

"ಅತ್ತೆಗೆ ಮಂಡಿ ನೋವಲ್ವೇನೇ?" ಎಂದ ದೊರೆ, ಆಸೆಯಿಂದ.

ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದರು. "ಮಂಡಿ ನಂದು. ಅದನ್ನ ನಾನು ನೋಡ್ಕೊಳ್ತೀನಿ. ಕೋಟೆ ನಿಮ್ದು, ಅದನ್ನ ನೀವು ತೋರಿಸಿ."

ಹಳದಿ ಗಾಡಿಯ ಚಾಲಕ ಇವರನ್ನು ಕಂಡು ನಕ್ಕ. "ಏನು ದೊರೆ, ಇವತ್ತು ಸವಾರಿ ಹಿಂದಿನ ಸೀಟಲ್ಲಿ?" ದೊರೆ ನಗಲಿಲ್ಲ. ಅವನ ತಲೆಯಲ್ಲಿ ಒಂದು ಯೋಜನೆ ತಯಾರಾಗುತ್ತಿತ್ತು: ಯಾವುದಾದರೂ ಗುಂಪಿನ ಹಿಂದೆ ಸೇರಿಕೊಂಡು, ಅವರು ತಿರುಗಿದ ಕಡೆ ತಿರುಗಿ, ರಾಣಿಯ ಕೋಣೆ ಬರುವವರೆಗೆ ಬಾಯಿ ಬಿಡದಿರುವುದು. ಅಲ್ಲಿಂದ ಮುಂದೆ ಭಯವಿಲ್ಲ.

ಕೋಟೆಯ ಬಾಗಿಲಲ್ಲಿ ಟಿಕೆಟ್ ಹರಿಯುವ ಹೆಂಗಸು ತಲೆ ಎತ್ತಿದಳು. "ಅಯ್ಯೋ, ನೀವಾ! ಕೊನೆಗೂ ಒಳಗೆ ಬರೋ ಮನಸ್ಸಾಯ್ತಾ?"

ಹೆಂಡತಿ ಹಿಂದೆ ನಿಂತು ಟಿಕೆಟಿನ ಚಿಲ್ಲರೆ ಎಣಿಸಿಕೊಳ್ಳುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಅತ್ತೆ ಅಳಿಯನ ಮುಖವನ್ನೊಮ್ಮೆ ನೋಡಿ ಒಳಗೆ ನಡೆದರು.

ತಗ್ಗಾದ ಬಾಗಿಲು ದಾಟಿದರೆ ಮೊದಲನೆಯ ಕೋಣೆಯೇ ಅಡುಗೆಮನೆ.

ಸಣ್ಣಪುಟ್ಟದ್ದೂ ಅಲ್ಲ. ಒಳಗೆ ನಾಲ್ಕು ಜನ ಒಟ್ಟಿಗೆ ನಿಲ್ಲಬಹುದಾದ ಒಲೆ, ಅದರ ಮೇಲೆ ಬಾವಿಯನ್ನು ತಲೆಕೆಳಗು ಮಾಡಿದಂಥ ಹೊಗೆಗೂಡು, ಸೂರಿನಿಂದ ಇಳಿಬಿಟ್ಟ ಕಬ್ಬಿಣದ ಕೊಕ್ಕೆಗಳು, ಗೋಡೆಯುದ್ದಕ್ಕೂ ತಾಮ್ರದ ಹಂಡೆಗಳು, ದೂರದ ಮೂಲೆಯಲ್ಲಿ ಕಲ್ಲಿನ ನೀರುತೊಟ್ಟಿ.

"ರೀ," ಎಂದಳು ಹೆಂಡತಿ ನಿಧಾನವಾಗಿ, "ಅಡುಗೆಮನೆ ಇಲ್ಲ ಅಂದಿದ್ರಲ್ಲ?"

ದೊರೆ ಬಾಯಿ ತೆರೆದ.

"ಬೇಕಂತಲೇ ಅಂದಿದ್ದು ಕಣೇ," ಎಂದರು ಅತ್ತೆ. "ಅಡುಗೆಮನೆ ಇದೆ ಅಂದಿದ್ರೆ ನಾನು ಬರ್ತಿದ್ನಾ? ಜೀವಮಾನವೆಲ್ಲ ಅದನ್ನೇ ನೋಡಿದೀನಿ, ಸಾಕು ಅಂತಿದ್ದೆ. ಇಲ್ಲ ಅಂದಿದ್ದಕ್ಕೇ ಮಂಡಿ ಎಳ್ಕೊಂಡು ಬಂದೆ. ಅಳಿಯಂದಿರು ಜಾಣರು."

ಆಮೇಲೆ ಅವರಿಗೆ ಅಳಿಯನ ನೆನಪೇ ಉಳಿಯಲಿಲ್ಲ. ಒಲೆಯ ಒಳಗೇ ಹೋಗಿ ನಿಂತು, ಹೊಗೆಗೂಡಿನಲ್ಲಿ ತಲೆ ಎತ್ತಿ, "ಇಲ್ಲಿಂದ ಆಕಾಶ ಕಾಣತ್ತೆ ಕಣೇ" ಎಂದು ಕೂಗಿದರು. ಹೊರಬಂದು ನೀರುತೊಟ್ಟಿಯವರೆಗೆ ನಡೆದು ನೋಡಿ ಮುಖ ಸಿಂಡರಿಸಿದರು. "ಒಲೆ ಅಲ್ಲಿ, ನೀರು ಇಲ್ಲಿ. ಇದನ್ನ ಕಟ್ಟಿಸಿದೋನು ಒಂದಿನಾನೂ ಸೌಟು ಹಿಡಿದಿಲ್ಲ."

ಹಜಾರವನ್ನು ಮೂವರೂ ಬೇಗ ದಾಟಿದರು. ರಾಣಿಯ ಕೋಣೆಗೆ ಬಂದಾಗ ದೊರೆಯ ನಾಲಿಗೆಗೆ ಜೀವ ಬಂತು. "ನೋಡಿ ಅತ್ತೆ, ಇದೇ ಮಂಚ. ಅಬ್ಬ, ನಿಜವಾಗ್ಲೂ ಚಿಕ್ಕದೇ ಇದೆ." ಅಂದ ಮೇಲೆ ತುಟಿ ಕಚ್ಚಿಕೊಂಡ.

ಹೆಂಡತಿ ಕಿಟಕಿಯ ಕಡೆ ಹೋಗಿದ್ದಳು. ಅತ್ತೆ ಕಲ್ಲಿನ ಜಗಲಿಯ ಮೇಲೆ ಕೂತು ಮಂಡಿ ನೀವಿಕೊಂಡರು.

"ನಿಮಗೂ ಇವತ್ತೇ ಮೊದಲನೇ ಸಲ, ಅಲ್ವಾ?"

"ಹೌದು ಅತ್ತೆ," ಎಂದ ದೊರೆ. ಗಾಡಿಯಲ್ಲಿ ಕೇಳಿಸಿಕೊಂಡ ಮಾತುಗಳ ಸಂಗತಿಯನ್ನೆಲ್ಲ ಚುಟುಕಾಗಿ ಹೇಳಿ, ದನಿ ತಗ್ಗಿಸಿ ಕೇಳಿದ: "ಅವಳಿಗೆ ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ? ಅದು ನಿಮ್ಮ ಸಾಮಾನು, ನೀವೇ ಇಳಿಸ್ಬೇಕು. ಗೋಪುರಕ್ಕೆ ಹೋಗಿ ಬನ್ನಿ ಇಬ್ಬರೂ. ನನ್ನ ಕೈಲಿ ಆ ಮೆಟ್ಟಿಲು ಆಗಲ್ಲ. ಇಳಿದು ಬಂದು ಹೇಳಿ, ಕೇಳ್ತೀನಿ. ಇಷ್ಟು ದಿನ ಕೇಳಿಲ್ವಾ?"

ಸುರುಳಿ ಮೆಟ್ಟಿಲಲ್ಲಿ ದೊರೆ ಸರಿಯಾದ ಜಾಗದಲ್ಲಿ ತಲೆ ತಗ್ಗಿಸಿದ, ಹೆಂಡತಿಯನ್ನೂ ಎಚ್ಚರಿಸಿದ. ತುದಿಯಲ್ಲಿ ಅವನು ಹೇಳುತ್ತಿದ್ದ ಕಿಂಡಿಯಿಂದಲೇ ನದಿ ಕಾಣಿಸಿತು. ಅಲ್ಲಿ ನಿಂತು ಅವನು ಎಲ್ಲವನ್ನೂ ಹೇಳಿಬಿಟ್ಟ. ಹೆಂಡತಿ ಕಿಂಡಿಯಿಂದ ಈಚೆ ತಿರುಗಿದಳು.

"ಅಂದ್ರೆ ಮಂಚ, ಕಿಂಡಿ, ಟೋಪಿ, ಎಲ್ಲ ಬೆನ್ನ ಹಿಂದೆ ಕೇಳಿಸ್ಕೊಂಡಿದ್ದಾ? ಇಷ್ಟೂ ನೆನಪಿಟ್ಕೊಂಡಿದೀರಾ?"

"ಹೂಂ."

"ಮತ್ತೆ ನಾನು ಎದುರಿಗೇ ನಿಂತು ತನ್ನಿ ಅಂತ ಹೇಳಿದ ಸೋಪು ಮಾತ್ರ ಹೇಗ್ರೀ ಮರೆತುಹೋಗತ್ತೆ?"

ದೊರೆ ಮೆಲ್ಲಗೆ ಕೊನೆಯ ಕಿಂಡಿಯ ಕಡೆ ಸರಿದ. ಕೆಳಗೆ ಊರಗೋಡೆ, ದಕ್ಷಿಣ ಬಾಗಿಲು, ಅಲ್ಲಿಂದ ಗುಡ್ಡವನ್ನು ಸುತ್ತಿ ಬರುವ ಅವನದೇ ದಾರಿ, ಒಂದು ತಿರುವೂ ಬಿಡದೆ ಕಾಣುತ್ತಿತ್ತು. ಹಳದಿ ಗಾಡಿ ಜೀರುಂಡೆಯಂತೆ ಹತ್ತಿ ಬರುತ್ತಿತ್ತು. ಇವತ್ತು ಎದುರಿಗೆ ಬರುವ ಗಾಡಿಯಿಲ್ಲದಿದ್ದರೂ ಅಗಲವಾದ ತಿರುವಿನಲ್ಲಿ ಅದು ನಿಧಾನವಾಯಿತು. ದೊರೆ ಗೋಪುರದಿಂದಲೇ ಹುಬ್ಬು ಹಾರಿಸಿದ.

"ಇದು ಇಷ್ಟು ಚೆಂದ ಕಾಣತ್ತೆ ಅಂತ ಒಬ್ಬರೂ ಹೇಳಿಲ್ಲ ನೋಡು" ಎಂದ.

ಇಳಿಯುವಾಗ ಅತ್ತೆ ಗಾಡಿಯಲ್ಲಿ ಕೂತವರೇ ಪಕ್ಕದ ಸೀಟಿನವರಿಗೂ ಕೇಳುವಂತೆ ಆ ಒಲೆ, ಆ ನೀರುತೊಟ್ಟಿ ಎಂದು ಶುರು ಮಾಡಿದರು. ಹಳದಿ ಗಾಡಿಯ ಚಾಲಕ ವೇಗ ತಗ್ಗಿಸಿ ಹಿಂದಕ್ಕೆ ತಿರುಗಿದ.

"ಒಳಗೆ ಅಡುಗೆಮನೆ ಇದೆಯಾ?"

"ನಮ್ಮ ಅಳಿಯಂದಿರನ್ನ ಕೇಳಪ್ಪ," ಎಂದರು ಅತ್ತೆ. "ಅವರಿಗೆ ಗೊತ್ತಿಲ್ಲದ ಮೂಲೆ ಇಲ್ಲ." ಹೆಂಡತಿ ನಗು ತಡೆಯಲಾರದೆ ಆಚೆ ತಿರುಗಿದಳು.

ದೊರೆ ತಗ್ಗಾದ ಬಾಗಿಲಿನಿಂದ ಆರಂಭಿಸಿ, ಒಲೆ, ಹೊಗೆಗೂಡು, ಕೊಕ್ಕೆ, ಹಂಡೆ ಎಂದು ಒಂದನ್ನೂ ಬಿಡದೆ ಕ್ರಮವಾಗಿ ಹೇಳುತ್ತಾ ಬಂದ. ಹಜಾರ ಮುಗಿಸಿ ರಾಣಿಯ ಕೋಣೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಗಾಡಿ ಊರಬಾಗಿಲಲ್ಲಿ ನಿಂತಿತು.

"ಸಾಕು ದೊರೆ, ಇಳೀರಿ," ಎಂದ ಹಳದಿ ಗಾಡಿಯವನು. "ಮಂಚದಿಂದ ಮುಂದಕ್ಕೆ ನಂಗೂ ಗೊತ್ತು."