ಗುಲಾಬದಾನಿಯ ಸ್ವಾಗತ

ಮನೆಬಳಕೆಯ ಸಾಮಾನುಗಳಲ್ಲಿ ವಿಷಕಾರಿ ರಾಸಾಯನಿಕ ಕಡಿಮೆ ಮಾಡುವುದು ಹೇಗೆಂದು ಭಾಷಣ ಮಾಡಲು ಬೀದರಕ್ಕೆ ಹೋಗಿದ್ದೆ. ಸಭಾಂಗಣದ ಬಾಗಿಲಲ್ಲೇ ಸಂಘಟಕ ಮಹಾಶಯರು ಗುಲಾಬದಾನಿ ಎತ್ತಿ ನನ್ನ ಮುಖಕ್ಕೆ ಚಿಮುಕಿಸಿದರು. ಕಣ್ಣು ಉರಿಯತೊಡಗಿತು.

"ಇದು ಗುಲಾಬಿ ನೀರೇನ್ರಿ?"

"ಅಲ್ರಿ ಸರ್, ಅದರ ವಾಸನಿ ಲಗೂನ ಹೋಗ್ತದ. ಇದು ಪಾಯಖಾನಿಗಿ ಹೊಡಿಯೋ ಸೆಂಟ್ ರಿ. ಭಾಳ ಖಡಕ್ ಅದ, ಸಂಜಿತನಕ ಹೋಗಂಗಿಲ್ಲ!"

ಮೂಗಿಗೆ ಬಡಿಯದಿದ್ದರೆ ಅದು ಮರ್ಯಾದೆಯೇ ಅಲ್ಲ ಎಂದುಕೊಂಡ ಜನ!

ಭಾಷಣದುದ್ದಕ್ಕೂ ನನ್ನ ಕಣ್ಣಲ್ಲಿ ನೀರು ಸುರಿಯಿತು. ವಂದನಾರ್ಪಣೆಗೆ ನಿಂತ ಅದೇ ಮಹಾಶಯರು, "ಸಾಹೇಬ್ರಿಗಿ ಎಷ್ಟ್ ಕಳಕಳಿ ಅದ ನೋಡ್ರಿ, ಮಾತಾಡ್ತಾ ಮಾತಾಡ್ತಾ ಅತ್ತೇ ಬಿಟ್ರು" ಎಂದರು. ಜನ ಚಪ್ಪಾಳೆ ತಟ್ಟಿದರು. ಆ ಉತ್ಸಾಹದಲ್ಲಿ ಮಹಾಶಯರು ನನಗೆ ಶಾಲು ಹೊದಿಸಿ, ಅದರ ಮೇಲೂ ಗುಲಾಬದಾನಿಯಿಂದ ಧಾರಾಳವಾಗಿ ಚಿಮುಕಿಸಿದರು.

ಆ ಶಾಲು ಇವತ್ತಿಗೂ ನಮ್ಮ ಮನೆಯೊಳಗೆ ಬಂದಿಲ್ಲ. ಅಂಗಳದ ತಂತಿಯ ಮೇಲೆ ನೇತಾಡುತ್ತಿದೆ, ಸೊಳ್ಳೆ ಕೂಡ ಹತ್ತಿರ ಸುಳಿಯುವುದಿಲ್ಲ.