ಬಾಲ್ಕನಿಯ ತಾಮ್ರದ ತಂತಿ

ಗಂಡ ಹಡಗಿನಲ್ಲಿದ್ದಾರೆ ಎಂದರೆ ನಮ್ಮೂರಿನ ಹೆಂಗಸರು ಮೊದಲು ಕೇಳುತ್ತಿದ್ದದ್ದು, ಈ ಸಲ ಏನು ತಂದರು ಎಂದು. ಬೇರೆಯವರ ಗಂಡಂದಿರು ಸೆಂಟು ತರುತ್ತಿದ್ದರು, ನೈಲಾನ್ ಸೀರೆ ತರುತ್ತಿದ್ದರು. ನನ್ನವರು ತಂದದ್ದು ಅರವತ್ತು ಅಡಿ ತಾಮ್ರದ ತಂತಿ. ಪೆಟ್ಟಿಗೆ ಬಿಚ್ಚಿದಾಗ ಎಲ್ಲಕ್ಕಿಂತ ಮೇಲೆ ಸುರುಳಿ ಸುತ್ತಿ ಇಟ್ಟಿದ್ದ ಅದನ್ನು ನೋಡಿ ನಾನು ಸಿಟ್ಟಿನಿಂದ ಪೆಟ್ಟಿಗೆಯ ಮುಚ್ಚಳ ಧಡ್ ಎಂದು ಮುಚ್ಚಿದೆ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಅದರಲ್ಲಿ ಅವರು ಮನೆಯಲ್ಲಿದ್ದದ್ದು ಒಟ್ಟು ಎರಡು ತಿಂಗಳು. ಸರಕು ಹಡಗಿನಲ್ಲಿ ವೈರ್‌ಲೆಸ್ ಆಫೀಸರ್. ಮಂಗಳೂರಿನ ಕೊಟ್ಟಾರದ ಒಂದು ಕಟ್ಟಡದ ಮೇಲಿನ ಮಾಳಿಗೆಯಲ್ಲಿ ನಾನು ಮತ್ತು ನನ್ನ ಅತ್ತೆ ಇಬ್ಬರೇ ಇದ್ದೆವು. ಅತ್ತೆಯನ್ನು ಅವರ ಹಾಗೆ ನಾನೂ ಮಾಂಯ್ ಎಂದೇ ಕರೆಯುತ್ತಿದ್ದೆ. ಎರಡು ಕೋಣೆ, ಅಡುಗೆಮನೆ, ಪಡುವಣಕ್ಕೆ ಒಂದು ಬಾಲ್ಕನಿ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು, ಮನೆಯಲ್ಲಿ ಕೊಂಕಣಿ. ದಿನಕ್ಕೆ ಮೂರು ಭಾಷೆ ಮಾತಾಡಿಯೂ ಸಂಜೆಯಾಗುವಾಗ ಯಾರ ಹತ್ತಿರವೂ ಮಾತಾಡಿದ ಹಾಗೆ ಅನಿಸುತ್ತಿರಲಿಲ್ಲ. ಮನೆಯ ಮಾತುಗಳನ್ನು ಇಲ್ಲಿ ನಮ್ಮೂರಿನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ರಜೆಯಲ್ಲಿ ಅವರು ಬಂದದ್ದು ಕ್ರಿಸ್ಮಸ್‌ಗೆ. ನಕ್ಷತ್ರ ತೂಗುಹಾಕಲು ಬಾಲ್ಕನಿಯ ಮೂಲೆಗೆ ಒಂದು ಬಿದಿರು ಕಟ್ಟಿದ್ದೆವು. ಹಬ್ಬ ಮುಗಿದು ನಕ್ಷತ್ರ ಇಳಿಸಿದ ದಿನ, ನಾನು ಬಿದಿರನ್ನೂ ಬಿಚ್ಚಲು ಹೋದರೆ ಅವರು ತಡೆದರು.

"ಬಿದಿರು ಅಲ್ಲೇ ಇರಲಿ. ಏರಿಯಲ್ ಕಟ್ಟಬೇಕು," ಎಂದರು.

"ರೇಡಿಯೊ ಈಗಲೂ ಹಾಡ್ತದಲ್ಲ, ಮತ್ತೆ ಎಂತಕ್ಕೆ ಏರಿಯಲ್?"

"ಹಾಡಿಗಲ್ಲ ಮಾರಾಯ್ತಿ. ನನ್ನನ್ನು ಕೇಳ್ಲಿಕ್ಕೆ."

ಆಗ ನನ್ನ ಸಿಟ್ಟು ಇಳಿಯಿತು. ಅವರ ಹಡಗು ಮಂಗಳೂರಿಗೆ ಎಂದೂ ಬರುತ್ತಿರಲಿಲ್ಲ. ಪಣಂಬೂರಿನಲ್ಲಿ ಬಂದರು ಆಗುತ್ತದಂತೆ ಎಂಬುದು ಆಗಿನ್ನೂ ಬಾಯಿಮಾತು. ಆದರೆ ಪರ್ಷಿಯಾ ಕೊಲ್ಲಿಯ ಬಂದರುಗಳಿಂದ ಕೊಲಂಬೊಗೆ ಹೋಗುವಾಗ ಹಡಗು ನಮ್ಮ ಕಡಲಿನ ಎದುರಿನಿಂದಲೇ ಹಾದುಹೋಗುತ್ತಿತ್ತು. ಆ ಒಂದೆರಡು ದಿನ ಅವರು ವೈರ್‌ಲೆಸ್ಸಿನ ಮೋರ್ಸ್ ಕೀಲಿ ಕುಟ್ಟಿ ಕಳಿಸುವ ಸದ್ದು ಒಳ್ಳೆಯ ತಂತಿ ಇದ್ದರೆ ನಮ್ಮ ಬಾಲ್ಕನಿಗೂ ಸಿಗುತ್ತದೆ ಎಂದರು. ಮಾತಲ್ಲ, ಬರೀ ಟಿಕ್ ಟಿಕ್. ನನಗೆ ಅದು ಸಾಕಿತ್ತು.

ತೆಂಗಿನಕಾಯಿ ಕೀಳಲು ಬರುವವನನ್ನು ಕರೆಸಿ ತಂತಿಯ ಒಂದು ತುದಿಯನ್ನು ಅಂಗಳದ ತೆಂಗಿನ ಮರಕ್ಕೆ ಕಟ್ಟಿಸಿದರು. ಎರಡು ತುದಿಗೂ ಪಿಂಗಾಣಿಯ ಗುಂಡು, ತಂತಿ ಮರಕ್ಕೂ ಬಿದಿರಿಗೂ ತಾಗಬಾರದು ಎಂದು. ಗಾಳಿಗೆ ಮರ ತೂಗಿದರೆ ತಂತಿ ಹರಿಯುತ್ತದಲ್ಲ, ಅದಕ್ಕೆ ಬಿದಿರಿನ ತುದಿಯಲ್ಲಿ ಸಣ್ಣ ರಾಟೆ ಇಟ್ಟು ಹಗ್ಗಕ್ಕೆ ಒಂದು ಕಲ್ಲು ಕಟ್ಟಿದರು. ಮರ ಅತ್ತ ವಾಲಿದರೆ ಕಲ್ಲು ಮೇಲೆ, ಇತ್ತ ವಾಲಿದರೆ ಕೆಳಗೆ. ಕಲ್ಲು ಆರಿಸಲಿಕ್ಕೇ ಅವರಿಗೆ ಅರ್ಧ ದಿನ ಹೋಯಿತು. ಕೊನೆಗೆ ನನ್ನ ಮಸಾಲೆ ಅರೆಯುವ ಗುಂಡುಕಲ್ಲಿನ ಮೇಲೆ ಅವರ ಕಣ್ಣು ಬಿತ್ತು, ನಾನು ಕೊಡಲಿಲ್ಲ. ಬಿದಿರಿನಿಂದ ಬಾಲ್ಕನಿಯ ಕಬ್ಬಿಣದ ಕಂಬಿಯ ಮೇಲ್ಗಡೆಯಾಗಿ, ಕಂಬಿಗೆ ತಾಗದ ಹಾಗೆ, ಇನ್ನೊಂದು ತುಂಡು ತಂತಿ ಕಿಟಕಿಯೊಳಗೆ ಬಂತು.

ಮಾಂಯ್ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. "ಇಷ್ಟು ಒಳ್ಳೆ ತಂತಿ. ಬಟ್ಟೆ ಒಣಗಿಸ್ಲಿಕ್ಕೆ ಆಗ್ತಿತ್ತು," ಎಂದರು.

ರೇಡಿಯೊ ನನ್ನ ಅಪ್ಪ ಮದುವೆಗೆ ಕೊಟ್ಟದ್ದು. ನನ್ನವರು ಅದರ ಬೆನ್ನು ಬಿಚ್ಚಿ, ಒಳಗೆ ಎಲ್ಲೋ ಒಂದು ತಿರುಪು ತಿರುಗಿಸಿ, ಮುಳ್ಳು ಹಾಡಿನ ಸ್ಟೇಷನ್‌ಗಳನ್ನು ದಾಟಿ ಹಡಗುಗಳ ಜಾಗಕ್ಕೆ ಹೋಗುವ ಹಾಗೆ ಮಾಡಿದರು. ಆ ಜಾಗದಲ್ಲಿ ಗಾಜಿನ ಮೇಲೆ ಬ್ಲೇಡಿನಿಂದ ಸಣ್ಣ ಗೆರೆ ಎಳೆದರು.

ಉಳಿದ ರಜೆಯಲ್ಲಿ ಊಟದ ಮೇಜಿನ ಮೇಲೆ ಚಮಚದಿಂದ ನನಗೆ ಪಾಠ. ಹಡಗಿನ ಗುರುತು ನಾಲ್ಕು ಅಕ್ಷರ. ಗಿಡ್ಡ ಸದ್ದು, ಉದ್ದ ಸದ್ದು ಸೇರಿಸಿ ಅದನ್ನು ಕುಟ್ಟಬೇಕು. ಒಬ್ಬೊಬ್ಬರ ಕೈ ಒಂದೊಂದು ತರಹವಂತೆ, ಕೈಬರಹದ ಹಾಗೆ. ಅವರ ಕೈ ನಿಧಾನ, ಉದ್ದ ಸದ್ದನ್ನು ಇನ್ನೂ ಸ್ವಲ್ಪ ಎಳೆಯುತ್ತಿದ್ದರು, ಮಾತಾಡುವಾಗ ಎಳೆಯುವ ಹಾಗೆಯೇ. ನಾನು ದಿನಾ ಶಾಲೆಯಲ್ಲಿ ಮಗ್ಗಿ ಹೇಳಿಸುವವಳು, ವಾರದಲ್ಲಿ ಕಲಿತೆ.

"ಕೆಲಸ ಮುಗಿದ ಮೇಲೆ ಎಲ್ಲರೂ ಎರಡು ಟಿಕ್ ಹಾಕ್ತಾರೆ, ಬರ್ತೇನೆ ಅಂತ ಹೇಳುವ ಹಾಗೆ," ಎಂದು ಅವರು ಎರಡು ಸಲ ಕುಟ್ಟಿ ತೋರಿಸಿದರು. ಸ್ವಲ್ಪ ಹೊತ್ತು ಬಿಟ್ಟು, ನಾನು ಏಳುವಷ್ಟರಲ್ಲಿ, ಮೂರನೆಯದು ಕುಟ್ಟಿದರು. "ನಾನು ಮೂರು ಹಾಕ್ತೇನೆ. ಈ ಕಡೆಯಿಂದ ಹೋಗುವಾಗ ಮಾತ್ರ. ಆ ಮೂರನೆಯದ್ದು ನಿನಗೆ."

ಜನವರಿಯಲ್ಲಿ ಹೊರಟುಹೋದರು. ನಾನು ಶಾಲೆಯಿಂದ ಬಂದು ಚಾ ಕುಡಿದು ಮುಳ್ಳನ್ನು ಗೆರೆಗೆ ತಂದು ಕೂರುತ್ತಿದ್ದೆ. ಯಾರ್ಯಾರದೋ ಹಡಗುಗಳು, ಯಾರ್ಯಾರದೋ ಗಂಡಂದಿರು. ಒಬ್ಬನ ಕೈ ಕೋಳಿ ಕಾಳು ಹೆಕ್ಕಿದ ಹಾಗೆ, ಇನ್ನೊಬ್ಬನದು ನಿದ್ದೆಗಣ್ಣಿನದು. ಕೇಳುತ್ತಾ ಕೇಳುತ್ತಾ ಅವರೆಲ್ಲ ನನಗೆ ಪರಿಚಯದವರಾದರು. ಅವರಲ್ಲಿ ಒಬ್ಬನಿಗೂ ನಾನು ಇದ್ದೇನೆ ಎಂದು ಗೊತ್ತಿರಲಿಲ್ಲ. ಅದು ನೆನಪಾದರೆ ಒಮ್ಮೊಮ್ಮೆ ರೇಡಿಯೊ ಆರಿಸಿಬಿಡುತ್ತಿದ್ದೆ.

ಮೇ ತಿಂಗಳಲ್ಲಿ ಬಸ್ರಾದಿಂದ ಕಾಗದ ಬಂತು. ಇಂಥ ಶನಿವಾರ ಇಲ್ಲವೇ ಭಾನುವಾರ ನಮ್ಮ ಎದುರಿನಿಂದ ಹಾದುಹೋಗುತ್ತೇವೆ, ಸಂಜೆ ನಾಲ್ಕಕ್ಕೆ ಕೀಲಿಯ ಮುಂದೆ ಕೂರುತ್ತೇನೆ, ಕಿವಿ ಕೊಟ್ಟು ಕೂತಿರು. ಅಷ್ಟೇ. ಮಾಂಯ್‌ಗೆ ಓದಿ ಹೇಳಿದೆ. ಅವರಿಗೆ ಓದು ಬರುತ್ತಿರಲಿಲ್ಲ. ಅಂದಿನಿಂದ ದಿನಾ ಕೇಳಲು ಶುರು ಮಾಡಿದರು, ಶನಿವಾರಕ್ಕೆ ಇನ್ನೆಷ್ಟು ದಿನ ಉಂಟು ಬಾಯೆ ಎಂದು.

ಶನಿವಾರ ನಾಲ್ಕಕ್ಕೆ ರೇಡಿಯೊ ಹಾಕಿದರೆ ಸತ್ತ ಹಾಗಿದೆ. ದೀಪ ಉರಿಯುತ್ತದೆ, ಬರೀ ಸಣ್ಣ ಸುಯ್ ಎನ್ನುವ ಸದ್ದು. ದಿನಾ ಬರುವ ಹಡಗುಗಳೂ ಇಲ್ಲ. ಮಣ್ಣು ಒಣಗಿದರೆ ಸದ್ದು ಸರಿಯಾಗಿ ಹಿಡಿಯುವುದಿಲ್ಲ ಎಂದು ಅವರು ಹೇಳಿದ್ದರು, ರೇಡಿಯೊದಿಂದ ಕೆಳಗಿಳಿಸಿ ಮಣ್ಣಿಗೆ ಹೂತಿದ್ದ ಅರ್ಥ್ ತಂತಿಗೆ ಎರಡು ಕೊಡ ನೀರು ಹೊಯ್ದು ಬಂದೆ. ಬಿದಿರು ನೋಡಿದೆ, ಕಲ್ಲು ನೋಡಿದೆ, ಎಲ್ಲ ಸರಿ. ಆರು ಗಂಟೆಯವರೆಗೆ ಕೂತು, ಆಮೇಲೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತುಬಿಟ್ಟೆ. ಇಷ್ಟು ತಿಂಗಳು ಕಾದದ್ದು ನೀರಿನಲ್ಲಿ ಹೋಮ ಆಯಿತಲ್ಲ ಎಂದು ನನ್ನ ಮೇಲೆಯೇ ಕೋಪ.

ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವಳು ಬಾಲ್ಕನಿಯಲ್ಲಿ ಸೀರೆ ಒಣಹಾಕುವಾಗ ಏನೋ ಹೊಳೆದದ್ದು ಕಂಡಿತು. ಕಿಟಕಿಗೆ ಬರುವ ತಂತಿಗೆ ಮಾಂಯ್‌ಯ ಬೆಳ್ಳಿಯ ಜಪಮಾಲೆ. ಗೋವೆಯಿಂದ ಮಂತ್ರಿಸಿ ತಂದದ್ದು, ಅವರ ಜೀವ. ತಂತಿಗೆ ಮೂರು ಸುತ್ತು, ಉಳಿದದ್ದು ಕಬ್ಬಿಣದ ಕಂಬಿಗೆ ಎರಡು ಸುತ್ತು, ಬೀಳದ ಹಾಗೆ ಗಟ್ಟಿಯಾಗಿ. ಆ ಕಂಬಿಗೆ ಮಳೆನೀರಿನ ಕಬ್ಬಿಣದ ಪೈಪು ತಾಗಿತ್ತು, ಪೈಪು ನೆಲಕ್ಕೆ. ತಂತಿ ಹಿಡಿದದ್ದನ್ನೆಲ್ಲ ಜಪಮಾಲೆ ನೆಟ್ಟಗೆ ಮಣ್ಣಿಗೆ ಇಳಿಸುತ್ತಿತ್ತು.

"ಮಾಂಯ್, ಇದು ಯಾವಾಗ ಕಟ್ಟಿದ್ದು?"

"ಶುಕ್ರವಾರ ಗುಡುಗಿತಲ್ಲ, ಆಗ. ಗರಿಗಳ ಭಾನುವಾರ ಇಗರ್ಜಿಯಲ್ಲಿ ಕೊಟ್ಟ ಗರಿ ಮುಗಿದು ಹೋಗಿತ್ತು, ಸುಡ್ಲಿಕ್ಕೆ ಒಂದು ಎಸಳೂ ಇರ್ಲಿಲ್ಲ." ಗುಡುಗು ಸಿಡಿಲಿಗೆ ಮಂತ್ರಿಸಿದ ತಾಳೆಗರಿಯನ್ನು ಸುಡುವುದು ನಮ್ಮಲ್ಲಿ ರೂಢಿ. "ಆ ತಂತಿ ಸಿಡಿಲನ್ನು ಮನೆಯೊಳಗೆ ಕರೀತದೆ. ಅವನ ಸದ್ದು ಬರ್ಲಿ, ಸಿಡಿಲು ಬರುವುದು ಬೇಡ ಅಂತ ಕಟ್ಟಿದೆ."

"ಇದರಿಂದ ಅವರ ಸದ್ದೂ ಬರುವುದಿಲ್ಲ ಮಾಂಯ್. ಬಿಚ್ಚಬೇಕು."

"ಜಪಮಾಲೆಯಿಂದ ಬರುವುದಿಲ್ಲವಾ? ಎಂತ ಮಾತು ಆಡ್ತಿ ನೀನು." ಅವರ ಮುಖ ಸಣ್ಣದಾಯಿತು. ಬೈಯಬೇಕು ಎಂದಿದ್ದವಳು ಮೆಲ್ಲಗೆ ಒಂದೊಂದೇ ಸುತ್ತು ಬಿಚ್ಚತೊಡಗಿದೆ. ಅವರಿಗೂ ಕಾಯುವುದೇ ಕೆಲಸವಾಗಿತ್ತಲ್ಲ, ನನಗಿಂತ ಹೆಚ್ಚು ವರ್ಷದಿಂದ.

ಕೊನೆಗೆ ನನ್ನ ಮರದ ಮಣಿಯ, ನೂಲಿನಲ್ಲಿ ಪೋಣಿಸಿದ ಜಪಮಾಲೆಯನ್ನು ಅದೇ ಜಾಗದಲ್ಲಿ ಕಟ್ಟಿದೆ. ಮರದ್ದಾದರೆ ದೇವರಿಗೂ ಆಗುತ್ತದೆ, ರೇಡಿಯೊಗೂ ಆಗುತ್ತದೆ ಎಂದೆ. ಬೆಳ್ಳಿಯದ್ದನ್ನು ಅವರು ಕೈಯಲ್ಲಿ ಹಿಡಿದುಕೊಂಡರು. ರೇಡಿಯೊ ಹಾಕಿದ ಕೂಡಲೇ ಹಡಗುಗಳೆಲ್ಲ ಸಂತೆ ಸೇರಿದ ಹಾಗೆ ಬಂದವು.

ನಾಲ್ಕು ಗಂಟೆಗೆ ಇಬ್ಬರೂ ರೇಡಿಯೊದ ಮುಂದೆ ಕೂತೆವು. ಘಟ್ಟದ ಕಡೆ ಮೋಡ ಕಟ್ಟಿ ಆಗಾಗ ಕರಕರ ಸದ್ದು. ನಾಲ್ಕೂ ಹತ್ತಕ್ಕೆ ಬಂತು. ನಾಲ್ಕು ಅಕ್ಷರ, ತಪ್ಪಿಲ್ಲ, ನಮ್ಮ ಹಡಗು. ನನ್ನ ಕೈ ಮಾಂಯ್‌ಯ ಮೊಣಕಾಲಿನ ಮೇಲೆ ಬಿತ್ತು. ಅವರಿಗೆ ಅಷ್ಟರಲ್ಲೇ ಗೊತ್ತಾಯಿತು.

ಎರಡನೆಯ ಸಲ ಅದೇ ನಾಲ್ಕು ಅಕ್ಷರ ಬಂದಾಗ ನಾನು ಕಿವಿಯನ್ನು ರೇಡಿಯೊಗೆ ಒತ್ತಿದೆ. ಆ ಕೈ ಅವರದಲ್ಲ. ಚುರುಕಾದ ಕೈ, ಉದ್ದ ಸದ್ದನ್ನೂ ಕತ್ತರಿಸಿ ಎಸೆಯುವ ಕೈ. ಸುಸ್ತಾಗಿರಬಹುದು, ಬೆರಳಿಗೆ ಪೆಟ್ಟಾಗಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಯದು ಬರಲಿ, ನೋಡುವ ಎಂದು ಕಾದೆ. ಎರಡು ಟಿಕ್. ಮತ್ತೆ ಕರಕರ ಮಾತ್ರ. ಹತ್ತು ನಿಮಿಷ ಕಾದೆ, ಮೂರನೆಯದು ಇಲ್ಲ.

"ಅವನೇ ಅಲ್ವಾ?" ಎಂದರು ಮಾಂಯ್. ಬೆಳ್ಳಿಯ ಜಪಮಾಲೆ ಕೆನ್ನೆಗೆ ಒತ್ತಿಕೊಂಡಿದ್ದರು.

"ಹೌದು ಮಾಂಯ್. ಅವರೇ."

ಅವರು ರೇಡಿಯೊದ ಮೇಲೆ ಶಿಲುಬೆಯ ಗುರುತು ಹಾಕಿ, ಚಾಕ್ಕೆ ಎರಡು ಚಮಚ ಜಾಸ್ತಿ ಸಕ್ಕರೆ ಹಾಕಿ ಕೊಟ್ಟರು. ಕೆಳಗಿನ ಮಾಳಿಗೆಯವರಿಗೂ ಹೇಳಿ ಬಂದರು, ಮಗ ಕಡಲಿನಿಂದ ಮಾತಾಡಿದ ಎಂದು.

ಆಮೇಲಿನ ಹದಿನೇಳು ದಿನ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಹಡಗಿನಲ್ಲಿ ವೈರ್‌ಲೆಸ್ಸಿಗೆ ಇರುವುದು ಒಬ್ಬರೇ. ಆ ಕುರ್ಚಿಯಲ್ಲಿ ಬೇರೆಯವರು ಕೂತಿದ್ದಾರೆ ಎಂದರೆ ಇವರು ಹಾಸಿಗೆ ಹಿಡಿದಿದ್ದಾರೆ, ಇಲ್ಲವೇ ಇವರೇ ಇಲ್ಲ. ಕಂಪನಿಗೆ ಟೆಲಿಗ್ರಾಂ ಕೊಡುವ ಎಂದು ಅಂಚೆ ಕಚೇರಿಗೆ ಹೋಗಿ ಫಾರಂ ತುಂಬಿಸಿ ಹರಿದು ಹಾಕಿದೆ. ಉತ್ತರ ಬರುವುದು ಮನೆಗೆ, ನಾನು ಶಾಲೆಯಲ್ಲಿರುವಾಗ, ಮಾಂಯ್‌ಯ ಕೈಗೆ. ಅವರು ಅದನ್ನು ಹಿಡಿದುಕೊಂಡು ಯಾರ ಹತ್ತಿರವೋ ಓದಿಸಿಕೊಳ್ಳುತ್ತಾರೆ. ಮನೆಯಲ್ಲಿ ಅವರು ಸಂತೋಷವಾಗಿದ್ದರು, ಅದೇ ಮನೆಯಲ್ಲಿ ನಾನು ಒಬ್ಬಳೇ ವಿಧವೆಯಾಗಿ ಓಡಾಡುತ್ತಿದ್ದೆ. ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ.

ಹದಿನೆಂಟನೆಯ ದಿನ ಕಾಗದ ಬಂತು, ಅವರದೇ ಕೈ. ಮೊದಲಿನ ಕಾಗದ ಹಾಕಿದ ಮೇಲೆ ಬಸ್ರಾದಲ್ಲಿ ಕಂಪನಿಯ ಇನ್ನೊಂದು ಹಡಗಿನ ವೈರ್‌ಲೆಸ್‌ನವನಿಗೆ ಕಾಯಿಲೆಯಾಗಿ, ಇವರನ್ನು ಅದಕ್ಕೆ ಹತ್ತಿಸಿದ್ದರಂತೆ. ಇವರ ಜಾಗಕ್ಕೆ ಹೊಸಬ. ಹಾಗಾಗಿ ಮನೆಗೆ ಬರುವುದು ಇನ್ನೊಂದು ವರ್ಷ ತಡ. ಆರೋಗ್ಯ ಚೆನ್ನಾಗಿದೆ. ಆ ಭಾನುವಾರದ ಬಗ್ಗೆ ಒಂದು ಸಾಲೂ ಇರಲಿಲ್ಲ. ಬದುಕಿದ್ದಾರಲ್ಲ ಎಂದು ಸ್ನಾನದ ಕೋಣೆಯಲ್ಲಿ ಕೂತು ಅತ್ತೆ. ಅತ್ತು ಮುಗಿದ ಮೇಲೆ ಕೆಟ್ಟ ಸಿಟ್ಟು ಬಂತು. ಉತ್ತರ ಬರೆದೆ: ಅವತ್ತು ರೇಡಿಯೊದಲ್ಲಿ ಕೇಳಿಸಿದ್ದು ನಿಮ್ಮದೇ ಕೈ ಎಂದು ಮಾಂಯ್ ನಂಬಿದ್ದಾರೆ, ನಾನೂ ಹೌದು ಎಂದಿದ್ದೇನೆ, ನೀವೂ ಹಾಗೇ ಹೇಳಿ.

ಅವರು ಬಂದದ್ದು ಮುಂದಿನ ವರ್ಷ, ಮಳೆ ನಿಂತ ಮೇಲೆ. ಮೊದಲ ದಿನದ ಮಧ್ಯಾಹ್ನ ಊಟಕ್ಕೆ ಕೂತಾಗಲೇ ಮಾಂಯ್ ಶುರು ಮಾಡಿದರು.

"ನೀನು ಕಡಲಿನಿಂದ ಹೊಡೆದದ್ದು ನಾನೂ ಕೇಳಿದೆ ಮಗಾ. ಈ ಕಿವಿಯಿಂದ."

"ನಿಮಗೆ ಕೇಳ್ಬೇಕು ಅಂತಲೇ ಹೊಡೆದದ್ದು ಮಾಂಯ್," ಎಂದರು ಅವರು. ಒಂದು ಕ್ಷಣವೂ ತಡವರಿಸಲಿಲ್ಲ. ನಾನೇ ಹೇಳಿಕೊಟ್ಟ ಸುಳ್ಳು, ನಿಜ. ಆದರೂ ಅಷ್ಟು ಸಲೀಸಾಗಿ ಬಂದದ್ದು ನನಗೆ ಹಿಡಿಸಲಿಲ್ಲ.

"ಹೇಗೆ ಹೊಡೆದದ್ದು? ಇನ್ನೊಮ್ಮೆ ಹೊಡಿ ನೋಡುವ."

ಅವರು ನಗುತ್ತಾ ಚಮಚ ತೆಗೆದುಕೊಂಡು ಮೇಜಿನ ಮೇಲೆ ಕುಟ್ಟಿದರು. ಅದೇ ನಾಲ್ಕು ಅಕ್ಷರ, ಅದೇ ನಿಧಾನದ ಕೈ, ಉದ್ದ ಸದ್ದನ್ನು ಇನ್ನೂ ಸ್ವಲ್ಪ ಎಳೆಯುವ ಕೈ. ನನ್ನ ಕಣ್ಣು ತುಂಬಿತು. ಕೊನೆಗೆ ಎರಡು ಟಿಕ್ ಹಾಕಿದರು. ನಾನು ಮೀನಿನ ಸಾರಿನ ಸೌಟು ಹಿಡಿದುಕೊಂಡು ಮೂರನೆಯದಕ್ಕೆ ಕಾದೆ. ಅವರು ಚಮಚ ಬದಿಗಿಟ್ಟರು.

"ಎಂತ ನಿಂತದ್ದು? ಸಾರು ಹಾಕು," ಎಂದರು.

ಹಾಕಿದೆ. ನೆನಪು ಮಾಡಿಕೊಡಲಿಲ್ಲ. ಹೇಳಿ ಹಾಕಿಸಿಕೊಂಡ ಮೂರನೆಯದು ನನಗೆ ಎಂತಕ್ಕೆ? ಅವರು ದೂರ ಇದ್ದ ದಿನಗಳಲ್ಲಿ ಆಗದಷ್ಟು ಸಂಕಟ ಆ ಊಟದಲ್ಲಿ ಆಯಿತು.

ಮರುದಿನ ಅವರು ಪೇಟೆಗೆ ಹೋದಾಗ ಬಿದಿರಿನ ಕಡೆಯಿಂದ ತಂತಿ ಇಳಿಸಿ, ಮರದ ಜಪಮಾಲೆ ಬಿಚ್ಚಿ ಒಳಗಿಟ್ಟೆ. ತೆಂಗಿನ ಮರದ ಹತ್ತಿರ ಉಳಿದದ್ದನ್ನು ಹಾಗೇ ಬಿಟ್ಟು, ಕೈಗೆ ಸಿಕ್ಕಿದಷ್ಟನ್ನು ಕತ್ತರಿಸಿ ಬಾಲ್ಕನಿಯ ಈ ಗೋಡೆಯಿಂದ ಆ ಗೋಡೆಗೆ ಎರಡು ಸಾಲು ಕಟ್ಟಿದೆ. ಮಾಂಯ್ ಬಂದು ನೋಡಿ, ಕೈಯಿಂದ ಎಳೆದು ಪರೀಕ್ಷೆ ಮಾಡಿದರು.

"ನಾನು ಅವತ್ತೇ ಹೇಳ್ಲಿಲ್ಲವಾ?" ಎಂದರು. ಮೊದಲು ನನ್ನವರ ಅಂಗಿಗಳನ್ನೇ ಒಣಹಾಕಿದೆವು.